ಅಜ್ಜನ ಹೊಟ್ಟೆಯೊಳಗಿನ ಮೇಷ

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಓದಿ, ಬೇಕಾದರೆ ಅರ್ಧ ಕಳೆದುಬಿಡಿ. ನಮ್ಮ ಮನೆಯಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಕಳೆಯುವುದು ಮೊದಲಿನಿಂದಲೂ ರೂಢಿ. ಕಳೆದ ಮೇಲೂ ಇಷ್ಟು ಉಳಿಯುತ್ತದೆ: ಮಡಿಯಲ್ಲಿದ್ದಾಗ ತನ್ನ ನೆರಳಿಗೂ ದೂರ ನಿಲ್ಲು ಎನ್ನುವಂಥ ನಮ್ಮ ಅಜ್ಜ, ಕಲಬುರ್ಗಿಯ ಒಬ್ಬ ಸರ್ಜನ್ನರ ಕೈಗೆ ಹೊಟ್ಟೆ ಕೊಟ್ಟು ಅದರೊಳಗೆ ಏನೋ ಒಂದನ್ನು ಇಡಿಸಿಕೊಂಡು ಬಂದ. ಆ 'ಏನೋ' ಏನು ಎನ್ನುವುದರ ಮೇಲೆಯೇ ಇಡೀ ಕಮಲಾಪುರ ಒಂದು ಬೇಸಿಗೆ ಕಳೆಯಿತು. ಇಡೀ ಕಮಲಾಪುರ ಅಂದರೆ ನಮ್ಮ ಓಣಿ. ನಮ್ಮ ಓಣಿ ಅಂದರೆ ಅಜ್ಜನ ಮನೆಯ ಪಡಸಾಲೆ.

ಅಜ್ಜ ಪಂಚಾಂಗ ಹೇಳುವವನು. ಮುಹೂರ್ತ, ಜಾತಕ, ಕಳೆದುಹೋದ ಎಮ್ಮೆ ಯಾವ ದಿಕ್ಕಿಗಿದೆ ಎನ್ನುವುದರ ತನಕ ಎಲ್ಲ ಅವನ ಹತ್ತಿರ ಬರುತ್ತಿತ್ತು. ನಾನು ಹುಟ್ಟುವ ಮೊದಲು ಅವನ ಹೊಟ್ಟೆಯಲ್ಲಿ ಹುಣ್ಣು ಒಡೆದು ದೊಡ್ಡ ಆಪರೇಷನ್ ಆಗಿತ್ತಂತೆ. ಎದೆಯಿಂದ ಹೊಕ್ಕಳ ತನಕ ಹೊಲಿಗೆಯ ಗುರುತು, ಹುಮನಾಬಾದ ರಸ್ತೆಯ ಹಾಗೆ ನೆಟ್ಟಗೆ, ನಡುನಡುವೆ ತಗ್ಗು. ಆ ರಸ್ತೆಯ ಮಧ್ಯದಲ್ಲಿ ಎಂದೋ ಒಂದು ದಿನ ಒಳಗಿನ ಗೋಡೆ ಬಿಟ್ಟುಕೊಂಡು ಕರುಳು ಚರ್ಮದ ಕೆಳಗೆ ಬಂದು ಕೂತಿತು. ಇದಕ್ಕೆ ಹರ್ನಿಯಾ ಅನ್ನುತ್ತಾರೆ. ಗಾತ್ರ ಅಜ್ಜಿಯ ಲೆಕ್ಕದಲ್ಲಿ ಲಿಂಬೆಹಣ್ಣು, ನನ್ನ ಲೆಕ್ಕದಲ್ಲಿ ಕಲ್ಲಂಗಡಿ. ನಿಜ ಎರಡರ ನಡುವೆ ಇದೆ, ಕಲ್ಲಂಗಡಿಗೆ ಹತ್ತಿರ.

ಅಜ್ಜ ಮಲಗಿದರೆ ಅದು ಒಳಗೆ ಹೋಗುತ್ತಿತ್ತು. ಸೀನಿದರೆ ಹೊರಗೆ ಬರುತ್ತಿತ್ತು. ಅಜ್ಜಿ ಅದಕ್ಕೆ ಬಹುವಚನ ಕೊಟ್ಟಿದ್ದಳು. ಬೆಳಿಗ್ಗೆ ಎದ್ದು, "ಅವರು ಎದ್ದಾರೇನು?" ಎಂದು ಕೇಳುವಳು. ಅಜ್ಜ ಮಂತ್ರ ಹೇಳುವಾಗ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಆ ಖಾಲಿ ಜಾಗದಲ್ಲಿ 'ಅವರು' ಗುರ್ ಎನ್ನುತ್ತಿದ್ದರು. ಮದುವೆಯೊಂದರಲ್ಲಿ ಮದುಮಗ ಅದನ್ನೂ ಮಂತ್ರ ಎಂದು ತಿಳಿದು ಗುರ್ ಎಂದನಂತೆ. ಇದು ಮಾತ್ರ ಪೂರ್ತಿ ನಿಜ, ಕಳೆಯಬೇಡಿ.

ಅಜ್ಜನ ಗೆಳೆಯರು ಕೆಂಪು ಬಾಳೆಯ ತೋಟದ ಗೌಡರು. ದಿನಾ ಸಂಜೆ ಪಡಸಾಲೆಯ ಕಂಬಕ್ಕೆ ಆತು ಕೂಡುವರು. ಅವರಿಗೂ ತೊಡೆಯ ಸಂದಿನಲ್ಲಿ ಹರ್ನಿಯಾ ಆಗಿ, ಆಗಿನ ಕಾಲದ ಪದ್ಧತಿಯಂತೆ ಬರೀ ದಾರದಲ್ಲಿ ಹೊಲಿಸಿಕೊಂಡು, ಅದು ಮತ್ತೆ ಬಿಚ್ಚಿ, ಮತ್ತೆ ಹೊಲಿಸಿಕೊಂಡಿದ್ದರು.

"ಹರಿದ ಚೀಲಕ್ಕ ದಾರ ಹಾಕಿದಂಗ ನೋಡ್ರಿ ಆಚಾರ್ರ," ಎನ್ನುತ್ತಿದ್ದರು. "ದಾರ ಗಟ್ಟಿನೇ ಇರ್ತದ. ದಾರದ ಬಾಜೂಕ ಚೀಲ ಹರೀತದ."

"ಅದಕ್ಕ ನಾ ಮಾಡಿಸಿಕೊಳ್ಳಂಗಿಲ್ಲ. ಸದ್ಯ ಶನಿ ಸರಿ ಇಲ್ಲ."

"ನಿಮ್ಮ ಶನಿ ಯಾವಾಗ ಸರಿ ಇದ್ದ?"

ಅಜ್ಜನ ಶನಿ ನನ್ನ ಫಸ್ಟ್ ಪಿಯುಸಿ ಪರೀಕ್ಷೆ ಮುಗಿಯುವ ತನಕ ಸರಿ ಇರಲಿಲ್ಲ. ಆ ವಾರ ಅಜ್ಜ ಮಲಗಿದರೂ 'ಅವರು' ಒಳಗೆ ಹೋಗಲಿಲ್ಲ. ಹೊಟ್ಟೆ ಕಲ್ಲಾಯಿತು, ವಾಂತಿ ಶುರುವಾಯಿತು. ಗೌಡರ ಜೀಪಿನ ಹಿಂದಿನ ಸೀಟಿನಲ್ಲಿ ಬಾಳೆಗೊನೆಗಳ ನಡುವೆ ಅಜ್ಜನನ್ನು ಮಲಗಿಸಿಕೊಂಡು ಕಲಬುರ್ಗಿಗೆ ತಂದರು. ನಮ್ಮ ಮನೆ ಇರುವುದು ಅಲ್ಲೇ. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ.

ಅಪ್ಪನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪನಿಗೆ ತಪ್ಪು ಇಂಗ್ಲಿಷ್ ಕೇಳಿದರೆ ತುರಿಕೆ ಬಂದ ಹಾಗಾಗುತ್ತದೆ. ಸೂಪರ್ ಮಾರ್ಕೆಟ್ ಎನ್ನುವ ಪೇಟೆಯಲ್ಲಿ ಬಟ್ಟೆ ಅಂಗಡಿಯ ಬೋರ್ಡು ಓದಿ ಮಾಲೀಕನಿಗೆ ಸ್ಪೆಲ್ಲಿಂಗ್ ಹೇಳಿಕೊಟ್ಟು ಬರುತ್ತಾನೆ. ಆ ಸಾಲಿನಲ್ಲಿ ನಾವು ಬಟ್ಟೆ ಕೊಳ್ಳದ ಅಂಗಡಿಗಳೇ ಹೆಚ್ಚು. ಒಮ್ಮೆ ಸತ್ತವರ ಮನೆಯಲ್ಲಿ ಯಾರೋ ಅಳುತ್ತಾ 'ಹಾರ್ಟ್ ಅಟ್ಯಾಕ್‌ಗೆ ಎಕ್ಸ್‌ಪೈರಿ ಆದ್ರು' ಅಂದಾಗ ಅಪ್ಪ ಅವರ ಭುಜ ಸವರುತ್ತಾ, "ಎಕ್ಸ್‌ಪೈರ್ಡ್," ಎಂದ. ಬಹಳ ಮೆಲ್ಲಗೆ, ಪ್ರೀತಿಯಿಂದಲೇ.

ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ರೊಟ್ಟಿ ತಟ್ಟುವವರ ತಾಳ್ಮೆಯಿಂದ ಒತ್ತಿ ಒತ್ತಿ ಕರುಳನ್ನು ಒಳಗೆ ಕಳಿಸಿದರು. ಬೆವರು ಒರೆಸಿಕೊಂಡು ಹೇಳಿದರು: "ಈ ಸಲ ಹೋತು. ಮುಂದಿನ ಸಲ ಕರುಳು ಸಿಕ್ಕೊಂಡು ಸತ್ತ್ರ ನಾನೂ ಏನೂ ಮಾಡಾಕ ಆಗಂಗಿಲ್ಲ. ಬರೀ ಹೊಲಿಗಿ ಹಾಕಿದ್ರ ಮತ್ತ ಬಿಚ್ಚತದರಿ. ನಿಮಗ ಮೆಶ್ ಹಾಕಬೇಕು."

ಅಜ್ಜ ಮೊಣಕೈ ಊರಿ ಎದ್ದ. "ನಿಮಗ ಯಾರು ಹೇಳಿದ್ರು?"

"ಏನ್ರಿ?"

"ಮೇಷ ಅಂತ."

"ಯಾರು ಹೇಳೂದೇನ್ರಿ ಅದರಾಗ? ಹೊಟ್ಟಿ ನೋಡಿದ್ರ ಗೊತ್ತಾಗ್ತದ."

ಅಜ್ಜನ ಮುಖ ನೋಡಬೇಕಿತ್ತು. ಊರಿಗೆಲ್ಲ ರಾಶಿ ಹೇಳುವ ಮನುಷ್ಯ, ತನ್ನದು ಮೇಷ ರಾಶಿ ಎಂದು ಹೊಟ್ಟೆ ಮುಟ್ಟಿ ಹೇಳುವ ಡಾಕ್ಟರನ್ನು ಕಂಡಿದ್ದ. ಜಾತಕ ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ. ಅಜ್ಜ ಧ್ವನಿ ತಗ್ಗಿಸಿ ಕೇಳಿದ: "ನನಗ ಆಗಿ ಬರ್ತದೇನ್ರಿ?"

"ನಿಮ್ಮಂಥಾವ್ರಿಗೆ ಮೆಶ್ಶೇ ಆಗಿ ಬರೂದು."

"ಹಾಂಗಾದ್ರ ಮಾಡ್ರಿ."

ಅಪ್ಪ ಬಾಯಿ ತೆರೆದ. ತಿದ್ದುವುದಕ್ಕೆ ತೆರೆದ ಬಾಯಿ ನನಗೆ ಗುರುತು ಸಿಗುತ್ತದೆ. ನಾನು ಚಪ್ಪಲಿ ಕಾಲಿನಿಂದ ಅವನ ಕಾಲು ತುಳಿದೆ. ಎಷ್ಟು ಜೋರಾಗಿ ಎಂದರೆ ಅವನ ಹೆಬ್ಬೆರಳ ಉಗುರು ಇನ್ನೂ ಮೊದಲಿನ ಬಣ್ಣಕ್ಕೆ ಬಂದಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಡಾಕ್ಟರು ನಮಗಿಬ್ಬರಿಗೆ ವಿಷಯ ಬಿಡಿಸಿ ಹೇಳಿದರು. ಮೆಶ್ ಅಂದರೆ ಪ್ಲಾಸ್ಟಿಕ್ ನೂಲಿನ ಜಾಳಗಿ. ಸೊಳ್ಳೆ ಪರದೆಯ ತುಂಡಿನಂತೆ. ಅದಕ್ಕೆ ಎರಡು ಮೈ.

"ಒರಟು ಮೈ ಹೊಟ್ಟಿ ಗೋಡಿ ಕಡೆ ಇರ್ತದ. ಅಲ್ಲಿ ಮೈಯಾಗಿನ ಮಾಂಸ ತೂತಿನಾಗ ಹಾದು ಬೆಳೀತದ. ಗೋಡಿಗೆ ಕಬ್ಬಿಣದ ಸರಳು ಹಾಕಿದಂಗ. ನುಣುಪು ಮೈ ಕರುಳಿನ ಕಡೆ. ಅಲ್ಲಿ ಏನೂ ಅಂಟಬಾರದು. ಕರುಳು ಜಾಳಗಿಗೆ ಅಂಟಿದ್ರ ಅದು ಬ್ಯಾರೆ ತಕಲೀಫು. ಅದಕ್ಕ ಆ ಮೈಗೆ ಕೋಟಿಂಗ್ ಇರ್ತದ."

ನನಗೆ ಮೈ ಜುಮ್ಮೆಂದಿತು. ಅಲ್ಲಿಯ ತನಕ ದೇಹ ಅಂದರೆ ಚಿತ್ರ ಬರೆದು ಬಾಣ ಹಾಕಿ ಹೆಸರು ಬರೆಯುವ ವಸ್ತು. ಈಗ ಇವರು ಹೇಳುತ್ತಿದ್ದುದು, ಒಳಗೆ ಒಂದು ಜಾಳಗಿ ಇಟ್ಟರೆ ಅಜ್ಜ ಮಲಗಿದ್ದಾಗಲೂ ಅವನ ಮಾಂಸ ಎದ್ದು ಬಂದು ಅದರ ತೂತುಗಳಲ್ಲಿ ಕೈ ತೂರಿಸುತ್ತದೆ ಎಂದು. ಅಜ್ಜನಿಗೆ ಕೇಳದೆ. ಪಂಚಾಂಗ ನೋಡದೆ.

"ಆ ಕೋಟಿಂಗ್ ಎದರದು?" ಎಂದು ನಾನೇ ಕೇಳಿದೆ.

ಡಾಕ್ಟರು ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಡಬಡ ಹೇಳಿದರು. ನನ್ನ ಕಿವಿಗೆ ಬಿದ್ದ ಶಬ್ದ ಒಂದೇ, ಪೋರ್ಸಲೀನ್. ಅಪ್ಪನ ಮುಖ ಸುಣ್ಣ ಹೊಡೆದ ಗೋಡೆಯಾಯಿತು.

"ಅದು ಕರಗ್ತದಲ್ಲರಿ?" ಎಂದ ಅಪ್ಪ.

"ಕೆಲವೇ ವಾರದಾಗ. ಅಷ್ಟರಾಗ ಅವರ ಮೈ ತನ್ನದೇ ಒಂದು ಪದರು ಕಟ್ಟಿರ್ತದ."

"ಹಾಂಗಾದ್ರ ನಮ್ಮ ಅಪ್ಪನ ಮುಂದ ಮಾತ್ರ ಈ ಮಾತು ಬ್ಯಾಡ್ರಿ."

ಯಾಕೆ ಬೇಡ ಎನ್ನುವುದು ನನಗೆ ತಕ್ಷಣ ಹೊಳೆಯಿತು. ಪೋರ್ಸಲೀನ್ ಅಂದರೆ ಪಿಂಗಾಣಿ. ಕಮಲಾಪುರದ ಮನೆಯಲ್ಲಿ ಪಿಂಗಾಣಿಯ ಕಪ್ಪು-ಬಸಿ ಹೊರಗಿನ ಗೂಡಿನಲ್ಲಿರುತ್ತವೆ, ಬಂದ ಮಂದಿಗೆ ಚಹಾ ಕೊಡಲು. ಅವು ಒಳಗೆ ಬರುವುದಿಲ್ಲ. ಅಜ್ಜನ ಮಟ್ಟಿಗೆ ಪಿಂಗಾಣಿ ಎಷ್ಟು ತೊಳೆದರೂ ಹೊರಗಿನದು. ಮೈಲಿಗೆಯಾದ ತಟ್ಟೆಯನ್ನೇ ನುಂಗಿಸಿದ ಹಾಗಾಯಿತಲ್ಲ ಎಂದುಕೊಂಡೆ. ಅಪ್ಪನ ಗುಟ್ಟು ನನ್ನ ಹೊಟ್ಟೆಯಲ್ಲೂ ಕೂತಿತು. ನನ್ನ ಹೊಟ್ಟೆಗೆ ಜಾಳಗಿ ಇರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಅಜ್ಜನನ್ನು ಕಮಲಾಪುರಕ್ಕೆ ಕರೆತಂದೆವು. ಅಪ್ಪ ಉತ್ತರ ಪತ್ರಿಕೆ ತಿದ್ದಲು ಕಲಬುರ್ಗಿಗೆ ಹೋದ, ನನಗೆ ರಜೆ, ನಾನು ಉಳಿದೆ. ಮೊದಲು ಹೊಟ್ಟೆಯ ಮೇಲೆ ಮತ್ತೆ ಬಾವು ಬಂತು. ಅಜ್ಜಿ ನೋಡಿ, "ಅವರು ಹೊಳ್ಳಿ ಬಂದಾರ," ಎಂದು ಸೆರಗು ಬಾಯಿಗಿಟ್ಟಳು. ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನು ಹಚ್ಚಿದೆ. ಹೊಸ ವಸ್ತು ಕಂಡ ದೇಹ ಅಲ್ಲಿಗೆ ನೀರು ಕಳಿಸುತ್ತದೆ, ತಾನೇ ಇಳಿಯುತ್ತದೆ, ನೋವು ಜ್ವರ ಇದ್ದರೆ ಮಾತ್ರ ಕರೆತನ್ನಿ ಎಂದರು.

"ಓಣ್ಯಾಗ ಹೊಸಾ ಬಾಡಿಗಿ ಮಂದಿ ಬಂದ್ರ ಎಲ್ಲಾರೂ ನೋಡಾಕ ಹೋಗ್ತಾರಲ್ಲ, ಹಾಂಗದು," ಎಂದರು ಗೌಡರು. "ಒಂದೀಟು ದಿನ ಗದ್ದಲ. ಆಮ್ಯಾಲೆ ಯಾರ ಮನ್ಯಾಗ ಏನು ಅಡಗಿ ಅಂತ ಅವರಿಗೂ ಮಾಲೂಮು, ಇವರಿಗೂ ಮಾಲೂಮು."

ಬಾವು ಇಳಿಯಿತು. ಅಜ್ಜನ ಆಪರೇಷನ್ ನೋಡಲು, ಅಂದರೆ ಕೇಳಲು, ಜನ ಬರತೊಡಗಿದರು. ಹೇಳುವವಳು ನಾನು. ದಿನದಿಂದ ದಿನಕ್ಕೆ ಜಾಳಗಿ ದೊಡ್ಡದಾಯಿತು. ಮೊದಲು ಅಂಗೈಯಷ್ಟಿತ್ತು, ಆಮೇಲೆ ಕಿಟಕಿಯಷ್ಟಾಯಿತು, ವಾರ ಕಳೆಯುವಾಗ ವಾಲಿಬಾಲ್ ಆಡಬಹುದಿತ್ತು. ಒಂದು ಸಂಜೆ ಬಾಜೂ ಮನೆಯ ಹೆಂಗಸರ ಮುಂದೆ ಗೂಡಿನಲ್ಲಿದ್ದ ಕಪ್ಪು ಎತ್ತಿ ಹಿಡಿದು, ಅದರ ನುಣುಪು ಮೈ ಸವರಿ ತೋರಿಸಿದೆ. "ಕರುಳಿನ ಕಡೆ ಮೈಗೆ ಹಿಂಥಾದ್ದೇ ಲೇಪ. ಪೋರ್ಸಲೀನ್. ಅದಕ್ಕೇ ಜಾರತದ."

ಒಳಗಿನಿಂದ ಅಜ್ಜನ ಧ್ವನಿ ಬಂತು. "ಮೇಷಕ್ಕ ಪಿಂಗಾಣಿ ಎಲ್ಲಿಂದ ಬಂತು?"

ಪಡಸಾಲೆ ಖಾಲಿಯಾಯಿತು. ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ.

"ಮೇಷ ಅಲ್ಲ ಅಜ್ಜಾ. ಮೆಶ್. ಜಾಳಗಿ."

"ರಾಶಿ?"

"ಡಾಕ್ಟರ್ಗ ರಾಶಿ ಗೊತ್ತಿಲ್ಲ."

ಅಜ್ಜ ಜೀವನದಲ್ಲಿ ಮುಹೂರ್ತವಿಲ್ಲದೆ ಮಾಡಿದ ಒಂದೇ ಕೆಲಸ ಆ ಆಪರೇಷನ್ ಎಂದು ಆಗ ಅವನಿಗೆ ಗೊತ್ತಾಯಿತು. ಆದರೆ ಕೊನೆಗೆ ಕೇಳಿದ್ದು ಇನ್ನೊಂದನ್ನು.

"ಜಾಳಗಿ ಇದ್ರ ಇರಲಿ. ಪಿಂಗಾಣಿ ಖರೇನೇನು?"

ಮರುದಿನ ಅಜ್ಜ ಪೂಜೆಗೆ ಕೂಡಬೇಕಿತ್ತು. ಅಷ್ಟು ದಿನ ಬಾಜೂ ಮನೆಯವರು ಬಂದು ಸಾಲಿಗ್ರಾಮಕ್ಕೆ ನೀರು ಹಾಕಿ ಹೋಗುತ್ತಿದ್ದರು. ಹಾಸಿಗೆ ಹಿಡಿದವನಿಗೆ ನಿಯಮವಿಲ್ಲ, ಆದ್ದರಿಂದ ಊಟ ನಡೆದಿತ್ತು. ಎದ್ದು ಸ್ನಾನ ಮಾಡುವವನಿಗೆ ನಿಯಮ ಉಂಟು: ತನ್ನ ಕೈಯಿಂದ ಪೂಜೆಯಾಗದೆ ಬಾಯಿಗೆ ಅನ್ನವಿಲ್ಲ. ಅಜ್ಜ ಸ್ನಾನ ಮಾಡಿದ, ದೇವರ ಕೋಣೆಯ ಹೊಸ್ತಿಲ ತನಕ ಹೋದ, ಹೊಳ್ಳಿ ಬಂದು ಮಂಚದ ಮೇಲೆ ಕೂತ. ಅಜ್ಜಿ ಬಡಿಸಿದ ಎಲೆ ಹಾಗೇ ಇತ್ತು. ಗೌಡರು ತಂದ ಕೆಂಪು ಬಾಳೆಹಣ್ಣು ಮತ್ತು ಹಾಲು, ಅಷ್ಟೇ.

ಹೀಗೇ ನಡೆಯಿತು. ಅಜ್ಜನ ಕೆನ್ನೆ ಒಳಗೆ ಹೋದವು. ಮತ್ತೆ ಬೂತಿಗೆ ಓಡಿದೆ. ಡಾಕ್ಟರು ಮೊದಲ ಸಲ ಗದರಿದರು. "ಒಳಗ ಗೋಡಿ ಕಟ್ಟೂ ಕೆಲಸ ನಡೆದದ. ಬ್ಯಾಳಿಲ್ಲ, ಅನ್ನಿಲ್ಲ ಅಂದ್ರ ಎದರಿಂದ ಕಟ್ಟಬೇಕು? ಜಾಳಗಿ ಹಿಡೀದೇ ಸರಿದ್ರ ಮತ್ತ ಹೊಟ್ಟಿ ತೆರೀಬೇಕಾಗ್ತದ. ಈ ವಯಸ್ಸಿನಾಗ ಎರಡನೇ ಸಲ ತಡೀತಾರ ಅಂತ ನಾ ಹೇಳಂಗಿಲ್ಲ."

ಆ ಮಾತು ಕೇಳಿ ನನಗೆ ನಗೆ ಬರಲಿಲ್ಲ. ಇದನ್ನು ಹಿಗ್ಗಿಸುವುದೂ ಬೇಡ. ಫೋನಿನ ತಂತಿ ಕೈಗೆ ಸುತ್ತಿಕೊಂಡಿದ್ದೆ, ಬಿಡಿಸಿಕೊಳ್ಳಲು ಹೊತ್ತಾಯಿತು.

ಮನೆಗೆ ಬಂದು ವಾದ ಶುರು ಮಾಡಿದೆ. "ಉಪ್ಪಿನಕಾಯಿ ಭರಣಿ ಎದರದು ಅಜ್ಜಾ? ಅದೂ ಪಿಂಗಾಣಿನೇ ಅಲ್ಲೇನು?"

"ಭರಣಿ ಅಡಗಿ ಮನ್ಯಾಗ ಅದ. ದೇವರ ಕ್ವಾಣಿಗೆ ಬರಂಗಿಲ್ಲ. ನಾ ಹೋದ್ರ ಇದೂ ನನ್ನ ಸಂಗಾಟ ಬರ್ತದ."

"ನೀ ಉಡೂ ರೇಷ್ಮಿ ಹುಳದ್ದು. ಕೂಡೂ ಚರ್ಮ ಜಿಂಕಿದು."

"ಉಡೂದು ಬ್ಯಾರೆ, ಕೂಡೂದು ಬ್ಯಾರೆ, ಹೊಟ್ಟ್ಯಾಗ ಇಟ್ಕೊಳ್ಳೂದು ಬ್ಯಾರೆ."

"ಆಚಾರ್ರ," ಎಂದರು ಕಂಬದ ಹತ್ತಿರದಿಂದ ಗೌಡರು, "ನಿಮ್ಮ ಹೊಟ್ಟ್ಯಾಗ ಏನದ ಅಂತ ದೇವರಿಗೆ ಮೊದಲೇ ಗೊತ್ತಿರತದ. ಅವ ಏನೂ ಅಂದಿಲ್ಲ. ನೀವ್ಯಾಕ ಅವನ ಬಾಯಿಂದ ಮಾತಾಡ್ತೀರಿ?"

"ಅವ ಅನ್ನಂಗಿಲ್ಲ ಅಂತನೇ ನಾ ಅನ್ನಬೇಕು."

ಇಂಥ ಮನುಷ್ಯನನ್ನು ಗೆಲ್ಲಲು ಬಾಯಿ ಸಾಲದು ಎಂದು ನನಗೆ ಗೊತ್ತಾಯಿತು. ಅಡುಗೆ ಮನೆಯಿಂದ ಅಜ್ಜಿಯ ಹಳೆಯ ಜರಡಿ ತಂದೆ, ಚಪಾತಿಗೆ ನಾದಿದ ಕಣಕ ತಂದೆ, ನೀರಿನ ಗಡಿಗೆಯ ಬದಿಗೆ ತಂಪಿಗಿಟ್ಟಿದ್ದ ತುಪ್ಪದ ಬಟ್ಟಲು ತಂದೆ. ಬಾಜೂ ಮನೆಯ ಹೆಂಗಸರು ತಾವಾಗಿಯೇ ಬಂದರು. ಪಡಸಾಲೆಯಲ್ಲಿ ಮಂಚದ ಮೇಲೆ ಅಜ್ಜ, ಎದುರಿಗೆ ನಾನು.

ಜರಡಿಯ ಒಂದು ಮೈಗೆ ಗಟ್ಟಿ ತುಪ್ಪ ಬಳಿದೆ. ಇನ್ನೊಂದು ಮೈಗೆ ಕಣಕ ಇಟ್ಟು ಅಂಗೈಯಿಂದ ಒತ್ತಿದೆ. ಕಣಕ ತೂತುಗಳೊಳಗೆ ತೂರಿ ಹಿಡಿದುಕೊಂಡಿತು.

"ಈಗ ಜರಡಿ ಬಿಡಿಸು ಅಜ್ಜಾ."

ಅಜ್ಜ ಎಳೆದ. ಕಣಕ ಬಿಡಲಿಲ್ಲ.

"ಹಿಟ್ಟು ಯಾವುದು, ಜರಡಿ ಯಾವುದು?"

"ಹಿಟ್ಟಿನ ಒಳಗ ಜರಡಿ ಅದ," ಎಂದ ಅಜ್ಜ, ಇಷ್ಟವಿಲ್ಲದಿದ್ದರೂ.

"ನಿನ್ನ ಮಾಂಸ ಹೋಗಿ ಅದನ್ನ ಅಪ್ಪಿಕೊಂಡದ. ನೀ ಬ್ಯಾಡ ಅಂದಿ. ನಿನ್ನ ಮೈ ಹೂಂ ಅಂದದ. ಈಗ ಈ ಕಡೆ ನೋಡು." ಜರಡಿಯ ತುಪ್ಪದ ಮೈಯನ್ನು ಬಿಸಿಲಿಗೆ ಹಿಡಿದೆ. ಏಪ್ರಿಲ್ ತಿಂಗಳ ಕಮಲಾಪುರದ ಬಿಸಿಲು, ತುಪ್ಪ ಹೇಳುವ ಮೊದಲೇ ಕರಗಿ ಹನಿಯಿತು. ಕೆಳಗೆ ತೂತು ತುಂಬಿದ ಕಣಕ ಬಿಳಿಯಾಗಿ ಕಂಡಿತು. "ಇದೇ ಲೇಪ. ಕರುಳು ಅಂಟಬಾರದು ಅಂತ ಇಟ್ಟಿದ್ರು. ಕರುಳು ಅಂಟಲಿಲ್ಲ. ನಿನ್ನ ಮೈ ತನ್ನದೇ ಪದರು ಕಟ್ಟಿತು. ಲೇಪ ಕರಗಿತು."

"ಕರಗಿ ಎಲ್ಲಿ ಹೋತು?"

ಹೆಂಗಸರು ನನ್ನ ಕಡೆ ನೋಡಿದರು. ಗೌಡರೂ ನೋಡಿದರು.

"ಮೈಯಾಗ," ಎಂದೆ.

"ಅಂದ್ರ ನಾ ಅದನ್ನ ಉಂಡೆ."

ಇಷ್ಟು ಹೊತ್ತು ಕಟ್ಟಿದ ಗೋಡೆ ಒಂದೇ ಮಾತಿಗೆ ಬಿತ್ತು. ಆಗ ನನ್ನನ್ನು ಕಾಪಾಡಿದವಳು ಬಾಗಿಲಲ್ಲಿ ನಿಂತಿದ್ದ ಅಜ್ಜಿ.

"ಉಂಡದ್ದು ಉಳೀತದೇನು?" ಎಂದಳು. "ದಿನಾ ಮುಂಜಾನಿ ತಂಬಗಿ ತಗೊಂಡು ಎಲ್ಲಿಗೆ ಹೋಗ್ತೀರಿ?"

ಗೌಡರು ಕಂಬದ ಹಿಂದೆ ಮುಖ ಮುಚ್ಚಿಕೊಂಡರು. ಅಜ್ಜ ನಗಲಿಲ್ಲ. ಗಂಭೀರವಾಗಿ ಯೋಚಿಸಿದ. ಉಗುರಿನಿಂದ ಜರಡಿಯ ಕಣಕ ಕೆರೆದು ನೋಡಿದ. ಮತ್ತೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ, ಮನೆಗೆ ಬಂದ ಹೊಸ ಸೊಸೆಯ ತಲೆ ಮುಟ್ಟಿದ ಹಾಗೆ.

"ಅಂದ್ರ ಈಗ ಒಳಗ ಇರೂದು?"

"ಬರೇ ನೀನು. ಮತ್ತ ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ಕಿಗೆ ಏನೂ ಹೇಳಿಲ್ಲ," ಎಂದ ಅಜ್ಜ. ಶಾಸ್ತ್ರ ಬರೆದವರು ಪ್ಲಾಸ್ಟಿಕ್ ಕಂಡಿರಲಿಲ್ಲ, ಅದು ನಮ್ಮ ಪುಣ್ಯ. "ನೀರು ತೋಡು."

ಅಜ್ಜ ಮತ್ತೊಮ್ಮೆ ಸ್ನಾನ ಮಾಡಿದ. ರೇಷ್ಮೆ ಮಡಿ ಉಟ್ಟ. ಯಾರೂ ಮುಟ್ಟಬಾರದೆಂದು ಎಲ್ಲರೂ ಗೋಡೆಗೆ ಒತ್ತಿ ನಿಂತೆವು. ಅಜ್ಜಿ ಒಲೆಯ ಮೇಲೆ ಅನ್ನಕ್ಕೆ ಇಟ್ಟಳು, ಅಕ್ಕಿ ಬೀಳುವ ಸದ್ದು ಕೇಳಿಸಿತು. ಅಜ್ಜ ನಡೆದುಕೊಂಡು ಬಂದು ದೇವರ ಕೋಣೆಯ ಹೊಸ್ತಿಲ ಮುಂದೆ ನಿಂತ. ಬಲಗಾಲು ಎತ್ತಿದ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಲ್ಲ. ಜರಡಿಯನ್ನು ಆಟದಲ್ಲಿ ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದು, ಪಡಸಾಲೆಗೆಲ್ಲ ಕೇಳುವಂತೆ ಹೇಳಿದೆ: "ಇವತ್ತಿನಿಂದ ನಮ್ಮ ಅಜ್ಜನ ಹೊಟ್ಟ್ಯಾಗ ಪೋರ್ಸಲೀನ್ ಇಲ್ಲ."

"ಪೋರ್ಸಲೀನ್ ಅಲ್ಲ," ಎಂಬ ಧ್ವನಿ ಬಂತು.

ಬಾಗಿಲಲ್ಲಿ ಅಪ್ಪ. ಬಸ್ಸಿಳಿದು ಬಂದವನು, ಕೈಯಲ್ಲಿ ಚೀಲ, ಬೆರಳಿಗೆ ಇನ್ನೂ ಕೆಂಪು ಶಾಯಿ. ಅವನಿಗೆ ಇಲ್ಲಿ ನಡೆದದ್ದೇನೂ ಗೊತ್ತಿರಲಿಲ್ಲ. ಕೇಳಿದ್ದು ಒಂದು ತಪ್ಪು ಶಬ್ದ ಮಾತ್ರ. ಒಂದು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದ ಗುಟ್ಟನ್ನು ಅವನು ಚಪ್ಪಲಿ ಬಿಡುತ್ತಾ, ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದ.

"ಪೋರ್ಸೈನ್. ಪೋರ್ಸಲೀನ್ ಅಂದ್ರ ಪಿಂಗಾಣಿ. ಪೋರ್ಸೈನ್ ಅಂದ್ರ ಹಂದೀದು."

ಹೇಳಿ ಮುಗಿಸಿದ ಮೇಲೆ ಅವನ ಕಣ್ಣು ಅಜ್ಜನ ಮೇಲೆ ಬಿತ್ತು. ಬಾಯಿ ಹಾಗೇ ತೆರೆದು ನಿಂತಿತು. ನಾನು ತುಳಿಯಲು ಅವನ ಕಾಲು ಬಹಳ ದೂರ ಇತ್ತು. ಒಬ್ಬ ಹೆಂಗಸು ಗೋಡೆಗೆ ಒರಗಿದವಳು ಹಾಗೇ ಜಾರಿ ಕೂತಳು. ಗೌಡರು ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು, ಸತ್ತವರ ಮನೆಯಲ್ಲಿ ಹಿಡಿದ ಹಾಗೆ.

ಅಜ್ಜನ ಕಾಲು ಗಾಳಿಯಲ್ಲೇ ಇತ್ತು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದ. ಇನ್ನೊಂದು ಕೈಯ ಹೆಬ್ಬೆರಳು ಮೆಲ್ಲಗೆ ಬೆರಳುಗಳ ಮೇಲೆ ಓಡತೊಡಗಿತು, ರಾಶಿ ಎಣಿಸುವಾಗ ಓಡುವ ಹಾಗೆ. ತುಟಿ ಅಲ್ಲಾಡಿದವು. ಮತ್ಸ್ಯ. ಕೂರ್ಮ. ಹೆಬ್ಬೆರಳು ಮೂರನೆಯದರ ಮೇಲೆ ನಿಂತಿತು.

"ಹಂದಿ ಅನಬಾರದು," ಎಂದ ಅಜ್ಜ, ಅಪ್ಪನಿಗೆ, ತಿರುಗಿ ನೋಡದೆ. "ವರಾಹ ಅನ್ನು."

ಕಾಲು ಹೊಸ್ತಿಲ ಒಳಗೆ ಇಟ್ಟ. ಸ್ವಲ್ಪ ಹೊತ್ತಿಗೆ ಗಂಟೆ ಕೇಳಿಸಿತು.

ಅಪ್ಪ ಪಡಸಾಲೆ ದಾಟಿ ಬಂದು ನನ್ನ ಕೈಯಿಂದ ಜರಡಿ ಕಿತ್ತುಕೊಂಡ. ಬಂದವರನ್ನೆಲ್ಲ ಮನೆಗೆ ಹೋಗಿರಿ ಎಂದ. ನನಗೆ ಬಾಯಿ ಮುಚ್ಚು ಎಂದ, ಎರಡೂ ಭಾಷೆಯಲ್ಲಿ.